ಎರಡು ಹಂತದ ಬೂಸ್ಟರ್ ಕಿಟ್: ನಡುವೆ ಒಂದು ಪ್ರಿಸೆಟ್ ಇರಬೇಕಿತ್ತು

ಗಿಟಾರಿನ ಸಿಗ್ನಲನ್ನು ಹಿಗ್ಗಿಸುವ ಬೂಸ್ಟರ್ ಪೆಡಲನ್ನು ಮನೆಯಲ್ಲೇ ಜೋಡಿಸಿಕೊಳ್ಳಲೆಂದು ನಾನು ತರಿಸಿದ ಕಿಟ್ ಎರಡು ಬಿಸಿ547 ಟ್ರಾನ್ಸಿಸ್ಟರುಗಳದ್ದು. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್ ಸಂಸ್ಥೆ ಮಾರಾಟಕ್ಕೆ ತಂದ ಎಲ್‌ಪಿಬಿ-1 ಎಂಬ ಒಂಟಿ ಟ್ರಾನ್ಸಿಸ್ಟರಿನ ಬೂಸ್ಟರನ್ನು ಬಲ್ಲವರಿಗೆ ಇದರ ನಕ್ಷೆ ಕಂಡ ಕೂಡಲೇ ಅರ್ಥವಾಗುತ್ತದೆ: ಅದೇ ಸರ್ಕ್ಯೂಟನ್ನು ಒಂದರ ಹಿಂದೊಂದರಂತೆ ಎರಡು ಸಲ ಇಟ್ಟು, ಕೊನೆಗೊಂದು ವಾಲ್ಯೂಮ್ ಪಾಟ್ (ತಿರುಗಿಸುವ ಗುಂಡಿ) ಕೊಟ್ಟಿದ್ದಾರೆ. ಪಿಸಿಬಿ, ಅಂದರೆ ಬಿಡಿಭಾಗಗಳನ್ನು ಕೂರಿಸುವ ಬೋರ್ಡ್, ಅಚ್ಚುಕಟ್ಟಾಗಿದೆ, ಅಲ್ಯೂಮಿನಿಯಂ ಪೆಟ್ಟಿಗೆಯ ತೂತುಗಳು ಸರಿಯಾದ ಜಾಗದಲ್ಲಿವೆ, ಬೆಸುಗೆ ಮುಗಿಸಲು ಒಂದು ಭಾನುವಾರದ ಮಧ್ಯಾಹ್ನ ಸಾಕಾಯಿತು.

ತೊಂದರೆ ಗೊತ್ತಾದದ್ದು ನುಡಿಸಿದಾಗ. ವಾಲ್ಯೂಮನ್ನು ಎಷ್ಟು ಇಳಿಸಿದರೂ ಸದ್ದು ಚಿಕ್ಕದಾಗುತ್ತಿತ್ತೇ ಹೊರತು ಅದರ ಒಡಕು ಹೋಗುತ್ತಿರಲಿಲ್ಲ. ಟ್ರಾನ್ಸಿಸ್ಟರಿಗೆ ಬೇಸ್, ಕಲೆಕ್ಟರ್, ಎಮಿಟರ್ ಎಂಬ ಮೂರು ಕಾಲುಗಳು; ಸಿಗ್ನಲ್ ಬೇಸಿನಿಂದ ಒಳಹೋಗಿ ಕಲೆಕ್ಟರಿನಿಂದ ಹೊರಬರುತ್ತದೆ. ಕಲೆಕ್ಟರಿನಲ್ಲಿ 10 ಕೆ (10 ಸಾವಿರ ಓಮ್) ಮತ್ತು ಎಮಿಟರಿನಲ್ಲಿ 390 ಓಮಿನ ರೆಸಿಸ್ಟರ್ ಇರುವ ಇಂಥ ಒಂದೊಂದು ಹಂತವೂ ಸಿಗ್ನಲನ್ನು ಸುಮಾರು 20 ಪಟ್ಟು ಹಿಗ್ಗಿಸುತ್ತದೆ. ತಂತಿಯ ಕಂಪನವನ್ನು ಸಿಗ್ನಲಾಗಿಸುವ ಪಿಕಪ್ಪಿನಿಂದ ಬಂದ 0.1 ವೋಲ್ಟ್ ಮೊದಲ ಹಂತ ದಾಟುವಷ್ಟರಲ್ಲಿ 2 ವೋಲ್ಟಿನ ಆಸುಪಾಸಿಗೆ ಬಂದಿರುತ್ತದೆ. ಎರಡನೆಯ ಹಂತ ಅದನ್ನು ಮತ್ತೆ 20 ಪಟ್ಟು ಮಾಡಲು ಹೊರಡುತ್ತದೆ, ಆದರೆ ಅದರ ಕೈಯಲ್ಲಿರುವುದು 9 ವೋಲ್ಟಿನ ಬ್ಯಾಟರಿ ಮಾತ್ರ. ಒಡಕು ಹುಟ್ಟುವುದು ಅಲ್ಲಿ, ವಾಲ್ಯೂಮ್ ಪಾಟ್ ಇರುವುದು ಅದರ ಆಚೆ.

ಗೇನ್, ಅಂದರೆ ಹಿಗ್ಗಿಸುವ ಪ್ರಮಾಣ, ಹೆಚ್ಚೆನಿಸಿದರೆ ಎಮಿಟರಿನ ರೆಸಿಸ್ಟರನ್ನು ದೊಡ್ಡದು ಮಾಡಿಕೊಳ್ಳಿ ಎಂದು ಕಿಟ್ಟಿನ ಜೊತೆಗಿದ್ದ ಹಾಳೆ ಹೇಳುತ್ತದೆ. ಅದನ್ನು ನಂಬಿ ಮೊದಲ ಹಂತದಲ್ಲಿ 390 ಓಮಿನ ಬದಲು 2.2 ಕೆ ಹಾಕಿದೆ. ಗೇನ್ ಇಳಿದದ್ದು ನಿಜ, ಆದರೆ 4 ವೋಲ್ಟಿನ ಸುತ್ತ ನಿಲ್ಲಬೇಕಾದ ಕಲೆಕ್ಟರ್ 8ರ ಹತ್ತಿರಕ್ಕೆ ಏರಿ ಕುಳಿತದ್ದರಿಂದ, ತಂತಿಯನ್ನು ಜೋರಾಗಿ ಮೀಟಿದಾಗ ಅಲೆಯ ಒಂದು ಮಗ್ಗುಲು ಮಾತ್ರ ಕತ್ತರಿಸಿ ಹೋಗತೊಡಗಿತು. ಬೇಸಿಗೆ ಸ್ಥಿರ ವೋಲ್ಟೇಜ್ ಕೊಡುವ ಬಯಾಸ್ ರೆಸಿಸ್ಟರುಗಳನ್ನೂ ಬದಲಿಸಬೇಕೆಂಬ ಮಾತನ್ನು ಹಾಳೆ ಬರೆದವರು ಬಿಟ್ಟಿದ್ದಾರೆ. ಹೊಸಬರಿಗೆಂದು ಮಾರುವ ಕಿಟ್ಟಿನಲ್ಲಿ ಇದು ಸಣ್ಣ ಲೋಪವಲ್ಲ.

ಹಾಗಾಗಿ 390 ಓಮನ್ನು ಮತ್ತೆ ಅದರ ಜಾಗದಲ್ಲಿಟ್ಟು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 100 ಕೆ ಪ್ರಿಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಚಿಕ್ಕ ಪಾಟ್) ಒಂದನ್ನು ತಂದು ಎರಡು ಹಂತಗಳ ನಡುವೆ ಕೂರಿಸಿದೆ. ಒಂದು ತುದಿ ಮೊದಲ ಹಂತದ ಕೆಪಾಸಿಟರಿಗೆ, ಇನ್ನೊಂದು ಗ್ರೌಂಡಿಗೆ, ನಡುಕಾಲು ಎರಡನೆಯ ಟ್ರಾನ್ಸಿಸ್ಟರಿನ ಬೇಸಿಗೆ. ಪೆಡಲ್ ಮೂಕವಾಯಿತು. ಮೀಟರ್ ಹಿಡಿದು ನೋಡಿದರೆ 0.8 ವೋಲ್ಟ್ ಇರಬೇಕಾದ ಬೇಸಿನಲ್ಲಿ 0.2 ಕೂಡ ಇರಲಿಲ್ಲ, ಏಕೆಂದರೆ ಬಯಾಸ್ ವೋಲ್ಟೇಜೆಲ್ಲ ಪ್ರಿಸೆಟ್ಟಿನ ಮೂಲಕ ಗ್ರೌಂಡಿಗೆ ಇಳಿದುಹೋಗುತ್ತಿತ್ತು. ಈ ತಪ್ಪು ಕಿಟ್ಟಿನದಲ್ಲ, ನನ್ನದು. ನಡುಕಾಲಿಗೂ ಬೇಸಿಗೂ ಮಧ್ಯೆ ಇನ್ನೊಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಸೇರಿಸಿದ ಮೇಲೆ, ಅದು ಸಿಗ್ನಲನ್ನು ಬಿಟ್ಟು ಬಯಾಸ್ ವೋಲ್ಟೇಜನ್ನು ತಡೆದದ್ದರಿಂದ, ಸದ್ದು ಮರಳಿತು. ಬೋರ್ಡಿನಲ್ಲಿ ಇದಕ್ಕೆ ಜಾಗವಿಲ್ಲದ ಕಾರಣ ಅದು ಈಗಲೂ ಸ್ಲೀವ್ ತೊಟ್ಟುಕೊಂಡು ಗಾಳಿಯಲ್ಲಿ ತೂಗುತ್ತಿದೆ.

ಪ್ರಿಸೆಟ್ಟನ್ನು ಹತ್ತನೆಯ ಒಂದರಷ್ಟು ಮಾತ್ರ ತೆರೆದಾಗ ಸ್ವರ ತಿಳಿಯಾಗಿ, ಬಲವಾಗಿ ಬರುತ್ತದೆ. ಇನ್ನೂ ತಿರುಗಿಸಿದರೆ ಹಳೆಯ ಒಡಕನ್ನು ಬೇಕಾದಷ್ಟೇ ಬೆರೆಸಿಕೊಳ್ಳಬಹುದು. ಗಿಟಾರಿನ ವಾಲ್ಯೂಮನ್ನೇ ಇಳಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗ ತಾರ ಸ್ವರಗಳು ಮಂಕಾಗುತ್ತವೆ, ಮೊದಲ ಟ್ರಾನ್ಸಿಸ್ಟರಿನ ಸುಯ್‌ಗುಡುವಿಕೆ ಮಾತ್ರ ಪೂರ್ತಿ ಹಿಗ್ಗುತ್ತದೆ. ನಡುವೆ ತಗ್ಗಿಸಿದರೆ ಸಿಗ್ನಲಿನ ಜೊತೆ ಆ ಸದ್ದೂ ತಗ್ಗುತ್ತದೆ.

ಬೆಸುಗೆಯ ಕೈ ಪಳಗಿದವರು ಈ ಕಿಟ್ಟನ್ನು ಧಾರಾಳವಾಗಿ ಕೊಳ್ಳಬಹುದು. ಮೊದಲ ಪೆಡಲ್ ಜೋಡಿಸುವವರು ಒಂದೇ ಟ್ರಾನ್ಸಿಸ್ಟರಿನ ಕಿಟ್ ಹುಡುಕುವುದು ಲೇಸು. ನಾನಂತೂ ಪೆಟ್ಟಿಗೆಯ ಮಗ್ಗುಲಿಗೆ ಇನ್ನೊಂದು ತೂತು ಕೊರೆದು, ಸ್ಕ್ರೂಡ್ರೈವರ್ ಹೊರಗಿನಿಂದಲೇ ಪ್ರಿಸೆಟ್ಟಿಗೆ ತಾಗುವಂತೆ ಮಾಡಿಕೊಂಡಿದ್ದೇನೆ.