ಮೈಸೂರಿನ ಕುವೆಂಪುನಗರದ ಸಂಜೆ ಕರಾಟೆ ಕ್ಲಾಸ್: ತೂಕ ಹೆಚ್ಚಿರುವ ಮಕ್ಕಳಿಗೆ ಹೊಂದುತ್ತಾ?

ತೂಕ ಜಾಸ್ತಿ ಇರುವ 12–16ರ ಮಕ್ಕಳನ್ನು ಧೈರ್ಯವಾಗಿ ಸೇರಿಸಬಹುದು. ಇಲ್ಲಿ ಮೊದಲ ದಿನವೇ ಓಡಿಸಿ ಸುಸ್ತು ಮಾಡಿಸುವುದಿಲ್ಲ. ಹತ್ತು ನಿಮಿಷ ನಡಿಗೆ, ಆಮೇಲೆ ನಿಂತಲ್ಲೇ ಪಂಚ್, ಬ್ಲಾಕ್. ಎರಡು ನಿಮಿಷ ಅಭ್ಯಾಸ, ಒಂದು ನಿಮಿಷ ವಿರಾಮ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಏದುಸಿರು ಸಾಕು.

ಮಾಸ್ಟರ್ ಕಣ್ಣು ಸದಾ ಪಾದದ ಮೇಲಿರುತ್ತದೆ, ಅದೇ ಈ ಕ್ಲಾಸಿನ ಹೆಚ್ಚುಗಾರಿಕೆ. ಮವಾಶಿ ಗೇರಿ, ಅಂದರೆ ಸೊಂಟ ತಿರುಗಿಸಿ ಬದಿಯಿಂದ ಬೀಸುವ ಒದೆ, ಒದೆಯುವಾಗ ನೆಲದ ಮೇಲಿನ ಕಾಲಿನ ಹಿಮ್ಮಡಿ ಎದುರಾಳಿಯ ಕಡೆಗೆ ತಿರುಗಬೇಕು. ಪಾದ ಅಲ್ಲೇ ಅಂಟಿಕೊಂಡು ಸೊಂಟ ಮಾತ್ರ ತಿರುಗಿದರೆ ಆ ತಿರುಚು ಮಂಡಿಗೆ ಬೀಳುತ್ತದೆ. ತೂಕ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಅದಕ್ಕೇ ಮೊದಲು ಗೋಡೆ ಹಿಡಿದು, ಸೊಂಟಕ್ಕಿಂತ ಕೆಳಗೆ, ನಿಧಾನವಾಗಿ ಒದೆಸುತ್ತಾರೆ.

ಕೊರತೆಯೂ ಇದೆ. ಹಿಂದಿನ ಸಾಲಿಗೆ ಮ್ಯಾಟ್ ಸಾಲದು. ಬರೀ ನೆಲದ ಮೇಲೆ ಜಿಗಿತ ಬೇಡ, ಕಟಾ (ಒಬ್ಬರೇ ಕ್ರಮವಾಗಿ ಮಾಡುವ ನಿಗದಿತ ಪಟ್ಟುಗಳ ಸರಣಿ) ಮಾಡಿಸಿ ಎಂದು ಮೊದಲೇ ಹೇಳಿಬಿಡಿ. ಕ್ಲಾಸ್ ವಾರಕ್ಕೆ ಮೂರೇ ದಿನ. ವಿಶ್ವ ಆರೋಗ್ಯ ಸಂಸ್ಥೆ 5–17ರ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕೆನ್ನುತ್ತದೆ. ಉಳಿದ ದಿನ ಕುಕ್ಕರಹಳ್ಳಿ ಕೆರೆ ಸುತ್ತ ಬಿರುಸಾಗಿ ನಡೆಸಿ. ಕ್ಲಾಸ್ ಬಿಟ್ಟ ಮೇಲೆ ಗೋಬಿ ಗಾಡಿ ಬೇಡ, ಕಡಲೆಕಾಳು ಉಸಲಿ ಕೊಡಿ.

ಮಗು ಕುಂಟಿದರೆ, ತೊಡೆಸಂದು ಅಥವಾ ಮಂಡಿ ನೋವು ಎಂದರೆ ದಯವಿಟ್ಟು ಸೋಮಾರಿತನ ಎನ್ನಬೇಡಿ. ಈ ವಯಸ್ಸಿನ ದಪ್ಪ ಮಕ್ಕಳಲ್ಲಿ ತೊಡೆಮೂಳೆಯ ತಲೆ ಸೊಂಟದ ಕೀಲಿನಲ್ಲಿ ಜಾರುವುದುಂಟು, ನೋವು ಬರೀ ಮಂಡಿಯಲ್ಲಿ ಕಾಣಬಹುದು. ಅವತ್ತೇ ಅಭ್ಯಾಸ ನಿಲ್ಲಿಸಿ, ಮೂಳೆ ಡಾಕ್ಟರ ಹತ್ತಿರ ಹೋಗಿ ಸೊಂಟದ ಎಕ್ಸ್‌ರೇ ಮಾಡಿಸಿ.