ಮೂರು ವಿಸಿಲ್, ಒಂದು ಗೂಬೆ: ಅಮ್ಮನ ಡ್ಯುಯೊಲಿಂಗೊ

"ಬೆಳಿಗ್ಗೆ ಎದ್ದು ಗೂಬೆ ಮುಖ ನೋಡ್ಬೇಕಾ?" ಅಂತ ಅಮ್ಮ ಮೊದಲ ದಿನವೇ ಕೇಳಿದ್ದಳು. ಅವಳ ಫೋನಿಗೆ ಡ್ಯುಯೊಲಿಂಗೊ, ಅಂದರೆ ಗೂಬೆ ಗುರುತಿನ ಭಾಷೆ ಕಲಿಸುವ ಆಪ್, ಹಾಕಿಕೊಟ್ಟವನು ನಾನು. ಅಕ್ಕ ಇರುವುದು ಮ್ಯೂನಿಕ್‌ನಲ್ಲಿ. ಅವಳ ಮಗ ಅಲ್ಲಿನ ಶಿಶುವಿಹಾರಕ್ಕೆ ಹೋಗಿ ಜರ್ಮನ್ ಮಾತಾಡಲು ಶುರು ಮಾಡಿದ್ದಾನೆ. ಸಾಗರದಲ್ಲಿ ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳಿದವಳಿಗೆ ಮೊಮ್ಮಗನ ಮಾತು ತಿಳಿಯದೆ ಕೂರುವುದು ಎಲ್ಲಿ ಸಾಧ್ಯ? ಇವತ್ತಿಗೆ ಅವಳ ಸ್ಟ್ರೀಕ್, ಅಂದರೆ ಬಿಡದೆ ಪಾಠ ಮಾಡಿದ ದಿನಗಳ ಲೆಕ್ಕ, 143.

ಆಪ್ ಡಿಸೈನ್ ಮಾಡುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಅಮ್ಮ ಜರ್ಮನ್ ನೋಡುತ್ತಿದ್ದರೆ ನಾನು ಅಮ್ಮನ ಬೆರಳು ನೋಡುತ್ತಿದ್ದೆ.

ಮೊದಲು ಒಳಗೆ ಕರೆದುಕೊಳ್ಳುವ ರೀತಿ. ಯಾವ ಭಾಷೆ, ಯಾಕೆ ಕಲಿಯುತ್ತೀರಿ, ದಿನಕ್ಕೆ ಎಷ್ಟು ನಿಮಿಷ ಅಂತ ಕೇಳಿತು. ಅಮ್ಮ ಎಲ್ಲಕ್ಕಿಂತ ಕಡಿಮೆ ನಿಮಿಷ ಒತ್ತಿದಳು. ಅಷ್ಟೇ, ಪಾಠ ಶುರು. ಕಾಫಿ, ಟೀ, ಹಾಲು, ನೀರು. ಜರ್ಮನ್ನಿನಲ್ಲೂ ಕಾಫಿಗೆ ಹೆಚ್ಚುಕಮ್ಮಿ ಕಾಫಿ ಅಂತಲೇ ಅನ್ನುವುದರಿಂದ ಮೊದಲ ಉತ್ತರವೇ ಸರಿ ಬಂತು, ಟಿಂಗ್ ಅಂತ ಸದ್ದಾಯಿತು, ಅಮ್ಮ ಕನ್ನಡಕ ಏರಿಸಿಕೊಂಡಳು. ಹೆಸರು, ಈಮೇಲ್ ಕೇಳಿದ್ದು ಆಮೇಲೆ. ಅಷ್ಟು ಹೊತ್ತಿಗೆ ಅವಳ ಹತ್ತಿರ ಕಳೆದುಕೊಳ್ಳಲು ಒಂದಿಷ್ಟು ಅಂಕ ಇತ್ತು, ಅಲ್ವಾ?

ಇದನ್ನು ನೋಡಿ ನನಗೆ ನಾಚಿಕೆಯಾಯಿತು. ಎರಡು ವರ್ಷದ ಹಿಂದೆ ನಾವೊಂದು ಕಿರಾಣಿ ಆಪ್ ಮಾಡಿದ್ದೆವು. ತೆರೆದ ಕೂಡಲೇ ಫೋನ್ ನಂಬರ್, ಓಟಿಪಿ, ಲೊಕೇಶನ್ ಪರ್ಮಿಶನ್, ಹೆಸರು, ಮನೆ ವಿಳಾಸ, ಪಿನ್‌ಕೋಡ್. ತೊಗರಿಬೇಳೆ ರೇಟು ಕಾಣಿಸುತ್ತಿದ್ದದ್ದು ಏಳನೇ ಸ್ಕ್ರೀನಿನಲ್ಲಿ. ಜನ ಬೇಳೆಯ ಮುಖ ನೋಡುವ ಮೊದಲೇ ಆಪ್ ಕಿತ್ತುಹಾಕುತ್ತಿದ್ದರು. ನಾವು ಆಫೀಸಿನಲ್ಲಿ ಕೂತು ಬಟನ್ ಬಣ್ಣ ಬದಲಾಯಿಸುತ್ತಿದ್ದೆವು.

ಇನ್ನು ದಿನಾ ವಾಪಸ್ ಕರೆಸುವ ವಿಷಯ. ಅಮ್ಮನ ಒಂದು ಪಾಠ ಅಂದರೆ ಕುಕ್ಕರಿನ ಮೂರು ವಿಸಿಲ್. ಅನ್ನಕ್ಕಿಟ್ಟು, ಅಡುಗೆಮನೆ ಕಟ್ಟೆಗೆ ಒರಗಿ, ಒಂದೇ ಬೆರಳಿನಲ್ಲಿ ಒತ್ತುತ್ತಾಳೆ. ಮೂರನೇ ವಿಸಿಲ್ ಆಗುವಾಗ ಗೂಬೆ ಕುಣಿಯುತ್ತಿರುತ್ತದೆ. ಈ ಆಪ್ ಕಟ್ಟಿದ ಇಬ್ಬರಲ್ಲಿ ಒಬ್ಬರು ಗ್ವಾಟೆಮಾಲಾದ ಲೂಯಿಸ್ ಫಾನ್ ಆನ್. ವೆಬ್‌ಸೈಟುಗಳಲ್ಲಿ ಸೊಟ್ಟ ಅಕ್ಷರ ಓದಿ ಟೈಪ್ ಮಾಡಿ ಅನ್ನುವ ಕ್ಯಾಪ್ಚಾ ಇತ್ತಲ್ಲ, ಅದನ್ನು ಮಾಡಿದವರಲ್ಲೂ ಇವರಿದ್ದರು. ಆಮೇಲೆ ಅದೇ ಉಪಾಯದಿಂದ, ಹಳೇ ಪುಸ್ತಕಗಳಲ್ಲಿ ಕಂಪ್ಯೂಟರಿಗೆ ಓದಲಾಗದ ಪದಗಳನ್ನು ನಮ್ಮ ನಿಮ್ಮ ಕೈಲೇ ಓದಿಸಿದರು. ಜನರ ಹತ್ತು ಸೆಕೆಂಡಿನ ಬೆಲೆ ಗೊತ್ತಿದ್ದವರು. 2012ರಲ್ಲಿ ಡ್ಯುಯೊಲಿಂಗೊ ಎಲ್ಲರಿಗೂ ತೆರೆದುಕೊಂಡಾಗ ಅದೇ ಲೆಕ್ಕ ಭಾಷಾಪಾಠಕ್ಕೆ ಬಂತು.

ಸ್ಟ್ರೀಕ್ ಅನ್ನುವುದು ಬಲು ಸರಳ. ದಿನಕ್ಕೊಂದು ಪಾಠ ಮಾಡಿದರೆ ಸಂಖ್ಯೆ ಒಂದು ಏರುತ್ತದೆ, ತಪ್ಪಿದರೆ ಸೊನ್ನೆ. ಐದು ದಿನದ್ದು ಹೋದರೆ ಯಾರಿಗೂ ಬೇಜಾರಿಲ್ಲ. ನೂರು ದಾಟಿದ ಮೇಲೆ ಅದು ಹಿತ್ತಲಲ್ಲಿ ನೆಟ್ಟ ತೆಂಗಿನ ಸಸಿಯ ಹಾಗೆ, ಕೀಳಲು ಮನಸ್ಸು ಬರುವುದಿಲ್ಲ. ಜುಲೈ ಮಳೆಯಲ್ಲಿ ಒಂದು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಒಂದು ದಿನ ತಪ್ಪಿದರೂ ಸಂಖ್ಯೆ ಕಾಪಾಡುವ ಸ್ಟ್ರೀಕ್ ಫ್ರೀಝ್ ಮೊದಲೇ ತೆಗೆದಿಟ್ಟಿದ್ದರಿಂದ ಉಳಿಯಿತು. ನನ್ನ ಪ್ರಕಾರ ಇಡೀ ಆಪಿನಲ್ಲಿ ಅತಿ ಜಾಣ ಡಿಸೈನ್ ಇದೇ. ಶಿಸ್ತಿನ ಜತೆ ಒಂದು ದಿನದ ಮಾಫಿ. ಮಾಫಿ ಇಲ್ಲದಿದ್ದರೆ ಸೊನ್ನೆ ನೋಡಿದ ದಿನವೇ ಅಮ್ಮ ಬಿಟ್ಟುಬಿಡುತ್ತಿದ್ದಳು, ಗ್ಯಾರಂಟಿ.

ನೋಟಿಫಿಕೇಶನ್ ಮಾತ್ರ ಅತ್ತೆಮನೆ ಥರ. ಕೆಲವು ದಿನ ತೆರೆಯದಿದ್ದರೆ, ಈ ನೆನಪೋಲೆಗಳು ಕೆಲಸ ಮಾಡುತ್ತಿರುವ ಹಾಗೆ ಕಾಣುತ್ತಿಲ್ಲ, ಸದ್ಯಕ್ಕೆ ನಿಲ್ಲಿಸುತ್ತೇವೆ ಅಂತ ಬರುತ್ತದೆ. ನನಗೆ ಬಂದಿತ್ತು. ನಾನು ಸ್ಪ್ಯಾನಿಷ್ ಬಿಟ್ಟವನು. ಓದಿದಾಗ ಪಾಪಪ್ರಜ್ಞೆಯಲ್ಲಿ ಅವತ್ತೊಂದು ದಿನ ತೆರೆದೆ, ಸುಮ್ನೆ ಹೇಳ್ತಿಲ್ಲ.

ಈಗ ತಕರಾರು. ವಾರಕ್ಕೊಂದು ಲೀಗ್ ಇದೆ. ಗುರುತಿಲ್ಲದ ಜನರ ಜತೆ ಅಂಕದ ಪೈಪೋಟಿ. ಕಂಚಿನಿಂದ ಶುರುವಾಗಿ ವಜ್ರದ ತನಕ ಮೆಟ್ಟಿಲು. ಒಂದು ಭಾನುವಾರ ರಾತ್ರಿ ಅಮ್ಮನ ಫೋನ್. "ಅಲ್ಲ ಮಾರಾಯ, ಯಾರೋ ಒಬ್ಬ ನನ್ನ ದಾಟಿ ಹೋದ." ಏನು ಮಾಡಿದೆ ಅಂತ ಕೇಳಿದರೆ, ಹಳೇ ಕಾಫಿ ಟೀ ಪಾಠವನ್ನೇ ಆರು ಸಲ ಮಾಡಿದಳಂತೆ. ಅಂಕ ಬಂತು, ಜರ್ಮನ್ ಬರಲಿಲ್ಲ. ಪರೀಕ್ಷೆಗೆ ಮುಖ್ಯ ಪ್ರಶ್ನೆ ಮಾತ್ರ ಓದುವ ಮಕ್ಕಳನ್ನು ಬೈಯುತ್ತಿದ್ದ ಟೀಚರ್ ಇವಳೇ! ಜನ ಯಾವುದಕ್ಕೆ ಅಂಕ ಸಿಗುತ್ತದೋ ಅದನ್ನೇ ಮಾಡುತ್ತಾರೆ. ಲೀಗ್ ಡಿಸೈನ್ ಇಲ್ಲಿ ಕಲಿಕೆಯ ದಾರಿ ಬಿಟ್ಟಿದೆ ಅನ್ನುವುದು ನನ್ನ ಅಭಿಪ್ರಾಯ. ಸೆಟ್ಟಿಂಗ್ಸ್‌ಗೆ ಹೋಗಿ ಪ್ರೊಫೈಲ್ ಪ್ರೈವೇಟ್ ಮಾಡಿದರೆ ಲೀಗಿನಿಂದ ಹೊರಬರಬಹುದು. ಅಮ್ಮ ಒಪ್ಪಲಿಲ್ಲ. ವಜ್ರ ಮುಟ್ಟಬೇಕಂತೆ.

ವ್ಯಾಕರಣ ವಿವರಿಸುವುದೂ ಕಡಿಮೆ. ಅಲ್ಲಿ ಅಮ್ಮನಿಗೆ ಕನ್ನಡ ಕೈಹಿಡಿಯಿತು. ಜರ್ಮನ್ನಿನಲ್ಲೂ ಮೂರು ಲಿಂಗ. ಮಗು ನಪುಂಸಕ ಲಿಂಗ, ನಮ್ಮಲ್ಲಿ ಇದ್ದ ಹಾಗೇ. "ಅದು ಸರಿ. ಹುಡುಗಿ ಯಾಕೆ ನಪುಂಸಕ?" ಅಂತ ಅವಳ ಪ್ರಶ್ನೆ. ಆಪ್ ಉತ್ತರ ಕೊಡಲಿಲ್ಲ, ಡಾಸ್ ಮೇಡ್‌ಷೆನ್ ಅಂತ ಇನ್ನೊಂದು ಸಲ ಹೇಳಿಸಿತು. ಕೊನೆಗೆ ಅಕ್ಕನೇ ಫೋನಿನಲ್ಲಿ ಹೇಳಿದಳು: ಪುಟ್ಟದು ಅನ್ನುವ ಅರ್ಥದ ಷೆನ್ ಬಾಲಕ್ಕೆ ಬಂದರೆ ಪದ ನಪುಂಸಕ ಆಗುತ್ತದಂತೆ. ಅಮ್ಮ ಅದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟಳು.

ಐದಕ್ಕೆ ನಾಲ್ಕು ಸ್ಟಾರ್. ದುಡ್ಡು ಕೊಡದೆ ಬಳಸಿದರೆ ಪಾಠದ ನಡುವೆ ಜಾಹೀರಾತು ಬರುತ್ತವೆ, ಅಮ್ಮ ಆಗ ಒಗ್ಗರಣೆ ಹಾಕುತ್ತಾಳೆ. ಮೊಮ್ಮಗನ ಜತೆ ವಿಡಿಯೋ ಕಾಲಿನಲ್ಲಿ ಹಾಲು ಬೇಕಾ, ನೀರು ಬೇಕಾ ಅನ್ನುವಷ್ಟು ಜರ್ಮನ್ ಬಂದಿದೆ. ಅವನು ತಿರುಗಿ ಹೇಳಿದ್ದು ಅರ್ಧ ತಿಳಿಯುತ್ತದೆ.

ಸೆಪ್ಟೆಂಬರಿಗೆ ಅಕ್ಕ ಟಿಕೆಟ್ ಮಾಡಿದ್ದಾಳೆ. ವಿಮಾನದಲ್ಲಿ ಸ್ಟ್ರೀಕ್ ಹೋದರೆ ಏನು ಗತಿ ಅಂತ ಅಮ್ಮನಿಗೆ ಈಗಲೇ ಚಿಂತೆ. ಹೋಗುವಾಗ ಗಡಿಯಾರ ಮೂರೂವರೆ ಗಂಟೆ ಹಿಂದೆ ಹೋಗುತ್ತದೆ, ದಿನ ಉದ್ದ, ಏನೂ ತೊಂದರೆಯಿಲ್ಲ ಅಂದೆ. ಒಂದು ಕ್ಷಣ ಲೆಕ್ಕ ಹಾಕಿ ಕೇಳಿದಳು: "ಹಾಗಾದ್ರೆ ಬರುವಾಗ?"