ರೊಟ್ಟಿ ಬಡಿಯಲು ಬಾರದವರ ತಕರಾರು: ಹುಬ್ಬಳ್ಳಿಯ ಒಂದು ಖಾನಾವಳಿಯ ಊಟ

ಹುಬ್ಬಳ್ಳಿಯ ದುರ್ಗದಬೈಲಿನ ಆಸುಪಾಸಿನಲ್ಲಿರುವ ಈ ಖಾನಾವಳಿಯಲ್ಲಿ ಮಧ್ಯಾಹ್ನದ ಊಟಕ್ಕೆ ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಮತ್ತು ಹಸಿ ಉಳ್ಳಾಗಡ್ಡಿ ಬಡಿಸುತ್ತಾರೆ. ಎಣ್ಣೆಗಾಯಿ ಅತ್ಯುತ್ತಮವಾಗಿತ್ತು. ಗುರೆಳ್ಳಿನ ಪುಡಿಯ ರುಚಿ ಬದನೆಯ ತಿರುಳಿನವರೆಗೂ ಇಳಿದಿತ್ತು. ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು ಬಣ್ಣವಿದ್ದರೂ ನಾಲಿಗೆ ಉರಿಯಲಿಲ್ಲ.

ನನ್ನ ತಕರಾರು ರೊಟ್ಟಿಯದು. ಮೊದಲನೆಯದು ಚೆನ್ನಾಗಿ ಉಬ್ಬಿ, ಮೆತ್ತಗೆ ಬಂದಿತ್ತು. ಎರಡನೆಯದರ ಅಂಚು ಸೀಳಿತ್ತು, ಮಡಚಿದ ಕೂಡಲೇ ಮುರಿಯಿತು. ಬಡಿಸುವವರಿಗೆ ಇದನ್ನು ತಿಳಿಸಿದಾಗ ಅವರು, "ನಿಮಗ ರೊಟ್ಟಿ ಬಡಿಯಾಕ ಬರ್ತದೇನ್ರಿ?" ಎಂದು ಕೇಳಿದರು. ನನಗೆ ಬರುವುದಿಲ್ಲ.

ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟು ಇರುವುದಿಲ್ಲವಾದ್ದರಿಂದ, ಕುದಿಯುವ ನೀರು ಹಾಕಿ ಬಿಸಿಯಿರುವಾಗಲೇ ನಾದಿದರೆ ಮಾತ್ರ ಅದಕ್ಕೆ ಜಿಗಿ ಬರುತ್ತದೆ. ಆ ಮುದ್ದೆಯನ್ನು ಅಂಗೈಯಿಂದ ಬಡಿಯುತ್ತ, ತಿರುಗಿಸುತ್ತ, ಅಂಚು ಒಡೆಯದಂತೆ ಅಗಲ ಮಾಡಿ, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಅದು ಪೂರ್ತಿ ಆರುವ ಮುನ್ನ ಮಗುಚುವುದಕ್ಕೆ ವರ್ಷಗಳ ರೂಢಿ ಬೇಕು. ಹಿಟ್ಟು ಹಳೆಯದಾದರೂ ಅಂಚು ಸೀಳುತ್ತದೆ, ನೀರು ಸಾಕಷ್ಟು ಕಾಯದಿದ್ದರೂ ಸೀಳುತ್ತದೆ. ಅಂದು ಆದದ್ದು ಯಾವುದೆಂದು ಹೇಳುವ ಅಧಿಕಾರ ಒಲೆಯ ಮುಂದೆ ಕುಳಿತ ತಾಯಂದಿರದು. ಅದರಲ್ಲಿ ನಾನು ಬಾಯಿ ಹಾಕುವುದು ಸರಿಯಲ್ಲ. ಆದರೆ ರೊಟ್ಟಿ ಬಿರುಸಾಗಿದೆ ಎಂದು ಹೇಳಲು ರೊಟ್ಟಿ ಉಂಡು ಬೆಳೆದಿದ್ದರೆ ಸಾಕು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರನ್ನು ಎದುರಿಗೆ ಕುಳಿತು ಕೇಳಿದ ಈ ಅವಳಿ ನಗರದಲ್ಲಿ, ಒಂದು ತಾನ್ ತೆಗೆಯಲಾರದ ಶ್ರೋತೃಗಳೂ ಸ್ವರ ಜಾರಿದ್ದನ್ನು ಥಟ್ಟನೆ ಗುರುತಿಸುತ್ತಾರೆ, ಅವರ ಕಿವಿಯನ್ನು ಗಾಯಕರೂ ಗೌರವಿಸುತ್ತಾರೆ.

ಅಷ್ಟೇ ಅಲ್ಲ, ಬಡಿಯುವವರಿಗೆ ಕಾಣದ ಸಂಗತಿಯೊಂದು ಉಣ್ಣುವವರಿಗೆ ಕಾಣುತ್ತದೆ. ಇಲ್ಲಿ ಹಂಚಿನಿಂದ ಇಳಿದ ರೊಟ್ಟಿಯನ್ನು ಬುಟ್ಟಿಯಲ್ಲಿ ತೆರೆದೇ ಇಡುತ್ತಾರೆ. ಫ್ಯಾನಿನ ಗಾಳಿಗೆ ಆರುತ್ತ ಆರುತ್ತ ಕೊನೆಯ ಟೇಬಲ್ಲಿಗೆ ಬರುವಷ್ಟರಲ್ಲಿ ಅದು ಸೆಟೆದುಕೊಂಡಿರುತ್ತದೆ. ಒಲೆಯ ಬಳಿ ಅದೇ ರೊಟ್ಟಿ ಮೆತ್ತಗಿತ್ತೆಂಬುದು ನಿಜವೇ, ಆದರೆ ತಾಟಿಗೆ ಬಿದ್ದ ಮೇಲೆ ಹೇಗಿತ್ತೆಂಬುದನ್ನು ಉಂಡವರೇ ಹೇಳಬೇಕು, ಮತ್ತು ಅದನ್ನು ಕೇಳಿಸಿಕೊಳ್ಳುವ ಸಹನೆ ಖಾನಾವಳಿಯವರಿಗೂ ಇರಬೇಕು.

ಮಾಲೀಕರು ಬುಟ್ಟಿಗೆ ಒಂದು ಅರಿವೆ ಮುಚ್ಚಿಸಲಿ. ಊಟಕ್ಕೆ ಹೋಗುವವರು ಒಲೆಯ ಸಮೀಪದ ಟೇಬಲ್ ಹಿಡಿದು, ಎಣ್ಣೆಗಾಯಿಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳಲಿ.